ಏಳು ಪ್ರಶ್ನೆಯವಳು

ಜೂನ್ ೯, ಭಾನುವಾರ

ಪ್ರೀತಿಯ ಗಿಣಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಆ ವಾಡಿಕೆಗಿಷ್ಟು ಬೆಂಕಿ ಹಾಕು. ಅವ್ವನ ಮೊಣಕಾಲು ಊದಿಕೊಂಡಿದೆ. ನಲ್ಲಿ ಒಂದು ದಿನ ನೀರು ಕೊಟ್ಟರೆ ಎರಡು ದಿನ ಮುನಿಸಿಕೊಳ್ಳುತ್ತದೆ. ನಮ್ಮ ಮುದ್ರಣಾಲಯದ ದೊಡ್ಡ ಯಂತ್ರ ಕೆಟ್ಟು ಕೂತಿದೆ, ನಾನು ಮದುವೆ ಕಾಗದಗಳ ಕರಡು ತಿದ್ದುತ್ತ ಕೂತಿದ್ದೇನೆ. ಇದನ್ನೆಲ್ಲ ಕ್ಷೇಮ ಎನ್ನುವುದಾದರೆ ಕ್ಷೇಮ.

ಕಾಗದ ತಡವಾಯಿತು, ಕ್ಷಮಿಸು. ತಡಕ್ಕೆ ಕಾರಣ ಕೆಲಸವಲ್ಲ, ಕೋಪ. ಕೋಪದಲ್ಲಿ ಬರೆದರೆ ನನ್ನ ಕೈ ತಂಗಿಗೆ ಕಾಗದ ಬರೆಯುವುದಿಲ್ಲ, ಸಂಘಕ್ಕೆ ಕರಪತ್ರ ಬರೆದುಬಿಡುತ್ತದೆ. ಅದು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು ಮೀಟಿಂಗಿನಲ್ಲಿರುತ್ತೀಯ, ಮೆಸೇಜು ಕಳಿಸಿದರೆ ಅದು ಕಂಪನಿಯ ಫೋನು. ಕೈಯಲ್ಲಿ ಬರೆದ ಅಕ್ಷರಕ್ಕಾದರೆ ಯಾರ ಅಪ್ಪಣೆಯೂ ಬೇಡ. ಇದು ಯಾವ ಲಿಪಿ ಎಂದು ಹಾಳೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನೆನಪಿದೆಯಾ, ನೀನು ಈ ಕಂಪ್ಯೂಟರ್ ವಿದ್ಯೆ ಕಲಿಯಲು ಸೇರಿದ ಹೊಸದರಲ್ಲಿ ಒಂದು ಸಂಜೆ ಅವ್ವನಿಗೆ ಪಾಠ ಮಾಡಿದ್ದೆ. ಅವ್ವ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದಳು. ಪ್ರೋಗ್ರಾಂ ಅಂದರೆ ಏನು ಗಿಣಿ ಎಂದು ಕೇಳಿದಳು. ನೀನು ಹೇಳಿದೆ: ಅದಕ್ಕೆ ಒಂದು ಕಿವಿ, ಎರಡು ಬಾಯಿ. ಕಿವಿಯಿಂದ ಅಕ್ಷರ ಒಳಗೆ ಹೋಗುತ್ತೆ, ಒಂದು ಬಾಯಿಂದ ಉತ್ತರ ಹೊರಗೆ ಬರುತ್ತೆ. ಎರಡನೇ ಬಾಯಿ ಗೋಳು ಹೇಳಿಕೊಳ್ಳೋದಕ್ಕೆ, ಏನಾದರೂ ತಪ್ಪಾದರೆ ಅಲ್ಲಿಂದ ಕೂಗುತ್ತೆ. ಒಳಗಿರೋದೆಲ್ಲ ಬರೀ ಸಂಖ್ಯೆ. ಯಾವ ಸಂಖ್ಯೆಗೆ ಯಾವ ಅಕ್ಷರ ಅಂತ ಕಿವಿಗೂ ಬಾಯಿಗೂ ನಾವೇ ಹೇಳಿಕೊಡಬೇಕು.

ಅವ್ವ ಎಲ್ಲ ಕೇಳಿಸಿಕೊಂಡು ಅಂದಳು, "ನಿನಗೂ ಹಂಗೇ ಹೇಳಿಕೊಟ್ಟಿದ್ದು ಕಣೆ. ಆದರೆ ನಿನಗೆ ಎರಡೂ ಬಾಯಿ ಗೋಳಿಗೇ."

ನಾವು ಮೂರು ಜನ ಎಷ್ಟು ನಕ್ಕೆವು ಆವತ್ತು.

ಈಗ ಊರಿನ ಸುದ್ದಿ ಕೇಳು. ಸುದ್ದಿ ನಿನಗೆ ಗೊತ್ತಿಲ್ಲವೆಂದಲ್ಲ, ನಿನ್ನ ಕುರ್ಚಿಯಿಂದ ಕಾಣುವುದೇ ಬೇರೆ. ಕಸದ ಲಾರಿ ನಿಲ್ಲುವ ಅಂಗಳದ ಗೇಟಿನ ಹತ್ತಿರ ನಿಂತು ನೋಡಿದರೆ ಹೇಗೆ ಕಾಣುತ್ತದೆ ಎಂದು ನಾನು ಹೇಳುತ್ತೇನೆ.

ಬೀದಿ ಗುಡಿಸುವವರನ್ನು ಕಾಯಂ ಮಾಡುತ್ತೇವೆಂದು ಪುರಸಭೆ ಘೋಷಿಸಿದಾಗ ಅವ್ವ ಹೊಸ ಚಪ್ಪಲಿ ಕೊಂಡಳು. ಕಾಯಂ ಆಗುವವಳು ಹರಿದ ಚಪ್ಪಲಿಯಲ್ಲಿ ಹೋಗಬಾರದಂತೆ. ನೀನು ಹುಟ್ಟುವುದಕ್ಕೂ ಮುಂಚಿನಿಂದ ಮಾರುಕಟ್ಟೆ ಬೀದಿ ಗುಡಿಸುತ್ತಿರುವವಳು. ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಗುಡಿಸಿದವಳು. ಹೊಸ ಕಂಪ್ಯೂಟರ್ ಹಾಜರಿಯಲ್ಲಿ ಹೆಸರು ತಪ್ಪದೆ ಬಂದವರಿಗೆ ಕಾಯಂ, ಬರದವರು ಮನೆಗೆ. ಹಾಜರಿಯ ಗುತ್ತಿಗೆ ನಿನ್ನ ಕಂಪನಿಗೆ ಸಿಕ್ಕಿತು. ಅದನ್ನು ಬರೆದವಳು ನೀನು. ಅವ್ವ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು: ನನ್ನ ಹಾಜರಿ ಹಾಕೋದು ನನ್ನ ಮಗಳು, ಇನ್ನು ಯಾವ ಮೇಸ್ತ್ರಿಯ ಹಂಗೂ ಇಲ್ಲ.

ಹೆಸರುಗಳನ್ನು ನಮ್ಮ ಲಿಪಿಯಲ್ಲೇ ಬರೆಸಬೇಕೆಂದು ನಮ್ಮ ಗುಡಿಸುವವರ ಸಂಘ ಹಟ ಹಿಡಿದಿತ್ತು. ಸುಮ್ಮನೆ ಹಿಡಿದ ಹಟವಲ್ಲ ಅದು. ಹಳೆಯ ಗುತ್ತಿಗೆದಾರನ ಇಂಗ್ಲಿಷ್ ಹಾಜರಿಯಲ್ಲಿ ತಮ್ಮ ಹೆಸರು ಯಾವುದೆಂದು ನಮ್ಮ ಹೆಂಗಸರಿಗೆ ತಿಳಿಯುತ್ತಲೇ ಇರಲಿಲ್ಲ. ಅವನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಅದಕ್ಕೇ ಬೀದಿಗಿಳಿದೆವು, ಲಾಠಿ ತಿಂದೆವು, ಗೆದ್ದೆವು. ಅವ್ವನ ಹೆಸರು ಅವ್ವ ಓದಬಲ್ಲ ಅಕ್ಷರದಲ್ಲಿ ಯಂತ್ರದೊಳಗೆ ಹೋಯಿತು.

ಹೋಯಿತು. ಹೊರಗೆ ಬರಲಿಲ್ಲ.

ಮೊದಲ ದಿನ ಗೇಟಿಗೆ ಅಂಟಿಸಿದ ಹಾಜರಿ ಹಾಳೆ ನೋಡಿ ಎಲ್ಲರೂ ನಕ್ಕರಂತೆ. ಇಂಗ್ಲಿಷಿನಲ್ಲಿ ಹೆಸರು ಕೊಟ್ಟಿದ್ದ ಲಾರಿ ಡ್ರೈವರುಗಳ ಹೆಸರು ನೆಟ್ಟಗಿದೆ, ಮಿಕ್ಕ ಕಡೆಯೆಲ್ಲ ಪ್ರಶ್ನೆಚಿಹ್ನೆ. ಸಾಲುಸಾಲು ಕೊಕ್ಕೆಗಳು, ಕಟುಕನ ಅಂಗಡಿಯಲ್ಲಿ ನೇತುಹಾಕಿದ ಹಾಗೆ. ಅವ್ವನ ಹೆಸರು ಬರೆದರೆ ನಾಲ್ಕೇ ಅಕ್ಷರ. ನಿನ್ನ ಯಂತ್ರ ಕೊಂಬು, ದೀರ್ಘ, ಒತ್ತು ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ ಏಳು ಪ್ರಶ್ನೆಚಿಹ್ನೆ ಹಾಕಿತ್ತು. ಅಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಒಂದೇ ಹೆಸರು ಎರಡು ಸಲ ಬಂದರೆ ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸು ಎಂದು ನೀವು ಯಂತ್ರಕ್ಕೆ ಕಲಿಸಿದ್ದಿರಿ, ಮೇಸ್ತ್ರಿಗಳು ಸುಳ್ಳು ಹೆಸರು ತುರುಕದಿರಲಿ ಎಂದು. ಯಂತ್ರದ ಕಣ್ಣಿಗೆ ಏಳು ಪ್ರಶ್ನೆಚಿಹ್ನೆಯ ಹೆಂಗಸರೆಲ್ಲ ಒಬ್ಬಳೇ ಹೆಂಗಸು. ಒಬ್ಬಳನ್ನು ಉಳಿಸಿಕೊಂಡು ಉಳಿದವರನ್ನೆಲ್ಲ ಅಳಿಸಿತು. ಐದು ಪ್ರಶ್ನೆಯವರಲ್ಲಿ ಒಬ್ಬಳು, ಆರು ಪ್ರಶ್ನೆಯವರಲ್ಲಿ ಒಬ್ಬಳು.

ಮೇಸ್ತ್ರಿ ಗೇಟಿನಲ್ಲಿ ನಿಂತು ಕೂಗಿದ. "ಏಳು ಪ್ರಶ್ನೆಯವಳು ಯಾರು? ಒಬ್ಬಳೇ ಬರಬೇಕು. ಮಿಕ್ಕವರು ನಾಳೆ ಬನ್ನಿ."

ಕೆಮ್ಮಿನಕ್ಕ ನಿನಗೆ ಗೊತ್ತಲ್ಲ, ಅವ್ವನ ಜೊತೆಯವಳು, ಕಸದ ಧೂಳು ಕುಡಿದೂ ಕುಡಿದೂ ಎದೆ ಜಾಲರಿಯಾದವಳು. ನಿನ್ನನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದವಳು. ಅವಳು ಕೆಮ್ಮುತ್ತ ಅಂದಳಂತೆ, "ನನ್ನ ಗಂಡ ಕುಡಿದು ಬಂದಾಗಲೂ ಇಷ್ಟೊಂದು ಪ್ರಶ್ನೆ ಕೇಳಿರಲಿಲ್ಲ ಕಣಪ್ಪ." ನಗು ಎದ್ದಿತು. ಆ ನಗು ಆ ದಿನವೇ ಮುಗಿಯಿತು. ಮಾರನೆಯ ದಿನ ಅದೇ ಹಾಳೆ, ಅದರ ಮಾರನೆಯ ದಿನವೂ ಅದೇ. ಹೆಂಗಸರೇ ಒಬ್ಬರನ್ನೊಬ್ಬರು ತಳ್ಳಿಕೊಂಡು ನಾನೇ ಏಳು, ನಾನೇ ಏಳು ಎನ್ನತೊಡಗಿದರು. ಜೊತೆಯಲ್ಲಿ ಲಾಠಿ ತಿಂದವರು ಗಿಣಿ, ಒಂದೇ ಲಾರಿಯಲ್ಲಿ ಠಾಣೆಗೆ ಹೋದವರು, ಪ್ರಶ್ನೆಚಿಹ್ನೆಗಾಗಿ ಜುಟ್ಟು ಹಿಡಿದರು.

ಅವ್ವ ಪುರಸಭೆಗೆ ಹೋದಳು. ಅಲ್ಲಿನ ಗುಮಾಸ್ತ ಕಂಪ್ಯೂಟರಿನಲ್ಲಿ ಹುಡುಕಿ ಪರದೆಯನ್ನು ಅವಳ ಕಡೆ ತಿರುಗಿಸಿದ. ಅವಳ ಹೆಸರು ಅಲ್ಲಿ ಮುತ್ತು ಪೋಣಿಸಿದ ಹಾಗೆ ಇತ್ತಂತೆ, ನಮ್ಮ ಲಿಪಿಯಲ್ಲಿ, ಒಂದು ಕೊಂಬೂ ಕದಲದೆ. ಇದೆಯಲ್ಲ ಅಜ್ಜಿ, ಯಾಕೆ ಸುಳ್ಳು ಹೇಳ್ತೀಯ ಅಂದ. ಗೇಟಿಗೆ ಬಂದರೆ ಇಲ್ಲ. ಕಚೇರಿಗೆ ಹೋದರೆ ಇದೆ. ಪರದೆಯ ಮೇಲೆ ಬದುಕಿದ್ದಾಳೆ, ಗೇಟಿನಲ್ಲಿ ಸತ್ತಿದ್ದಾಳೆ. ಯಾರೂ ನಂಬಲಿಲ್ಲ. ಹಾಜರಿ ತಪ್ಪಿಸಿ ಮನೆಯಲ್ಲಿ ಮಲಗಿ ಈಗ ಯಂತ್ರದ ಮೇಲೆ ಗೂಬೆ ಕೂರಿಸುತ್ತಿದ್ದಾರೆ ಎಂದು ಪುರಸಭೆಯ ದೊಡ್ಡ ಸಾಹೇಬ ಹೇಳಿದ. ನಾನು ಅವನಿಗೆ ಏನು ಹೇಳಿದೆ ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಅದು ಅಚ್ಚಿಗೆ ಯೋಗ್ಯವಲ್ಲ.

ಆಗ ನಿನ್ನನ್ನು ನಿನ್ನ ಕಂಪನಿಯ ಎದುರಿನ ಚಹದ ಅಂಗಡಿಗೆ ಕರೆಸಿದೆ. ನೀನು ಕೊರಳಿಗೆ ಹಾಕಿಕೊಂಡ ಗುರುತಿನ ಪಟ್ಟಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಬಂದೆ. ಒಂದು ಮಾತಿಗೆ ನಿನ್ನನ್ನು ಮೆಚ್ಚುತ್ತೇನೆ, ಆವತ್ತು ನೀನು ಸುಳ್ಳು ಹೇಳಲಿಲ್ಲ.

ನೀನು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಪ್ರೋಗ್ರಾಂ ಮಾತಾಡುವ ಮುಂಚೆ ಒಮ್ಮೆ ಇಣುಕಿ ನೋಡುತ್ತದೆ, ಆ ಕಡೆ ಯಾರಿದ್ದಾರೆ ಎಂದು. ಆ ಕಡೆ ಪರದೆ ಇದ್ದರೆ, ಪರದೆಯ ಮುಂದೆ ಮನುಷ್ಯರಿದ್ದಾರೆಂದು ನಮ್ಮ ಲಿಪಿಯನ್ನು ಚೆಂದವಾಗಿ ಬರೆಯುತ್ತದೆ. ಪರದೆ ಇಲ್ಲದೆ ಬರೀ ಕೊಳವೆ ಇದ್ದರೆ, ಅಂದರೆ ಇದರ ಮಾತನ್ನು ಇನ್ನೊಂದು ಪ್ರೋಗ್ರಾಮಿನ ಕಿವಿಗೆ ಸುರಿಯುವುದಾದರೆ, ಆ ಕಡೆ ಯಾರು ಎಂದು ಗೊತ್ತಾಗದೆ ಹಳೇ ಇಂಗ್ಲಿಷ್ ಅಕ್ಷರಗಳಷ್ಟೇ ಲೋಕದಲ್ಲಿವೆ ಎಂದುಕೊಳ್ಳುತ್ತದೆ. ಗುಮಾಸ್ತನ ಮುಂದೆ ಪರದೆ. ಗೇಟಿನ ಹಾಳೆಗೆ ಕೊಳವೆ. ನೀನು ನಿನ್ನ ಮೇಜಿನ ಮೇಲೆ ಪರದೆಯಲ್ಲಿ ಪರೀಕ್ಷೆ ಮಾಡಿದೆ, ಸರಿಯಾಗಿತ್ತು, ಕಳಿಸಿಕೊಟ್ಟೆ. ಅಲ್ಲಿಯವರೆಗೆ ಅದು ತಪ್ಪು. ತಪ್ಪು ಯಾರು ಮಾಡುವುದಿಲ್ಲ? ನಾನು ಮೊನ್ನೆ ಒಂದು ಮದುವೆ ಕಾಗದದಲ್ಲಿ ಮದುಮಗನನ್ನೇ ಬಿಟ್ಟುಬಿಟ್ಟಿದ್ದೆ.

ಆದರೆ ನೀನು ಇನ್ನೊಂದು ಮಾತು ಹೇಳಿದೆ. "ಮೊದಮೊದಲು ಅದು ಹೀಗೆ ಮಾಡ್ತಿರಲಿಲ್ಲ ಅಕ್ಕ. ಗೊತ್ತಿಲ್ಲದ ಅಕ್ಷರ ಬಂದ ಕೂಡಲೇ ಕೂಗಿ ನಿಂತುಬಿಡ್ತಿತ್ತು. ಹಾಳೆನೇ ಬರ್ತಿರಲಿಲ್ಲ. ನಿಲ್ಲಬಾರದು, ಏನಾದರೂ ಮಾಡು ಅಂದ್ರು ಮ್ಯಾನೇಜರು. ಅದಕ್ಕೆ, ತಪ್ಪು ಬಂದ ಕಡೆ ಪ್ರಶ್ನೆಚಿಹ್ನೆ ಹಾಕಿ ಮುಂದಕ್ಕೆ ಹೋಗು ಅಂತ ಬರೆದೆ."

ಆ ಎರಡನೇ ಬಾಯಿ ಏನಾಯಿತು ಎಂದು ನಾನು ಕೇಳಿದೆ. ಅದರ ಕೂಗನ್ನು ಯಾರೂ ನೋಡದ ಕಸದ ಬುಟ್ಟಿಗೆ ತಿರುಗಿಸಿದ್ದೇನೆ ಅಂದೆ ನೀನು.

ಕಸದ ಬುಟ್ಟಿ. ಈ ಊರಿನ ಕಸದ ಬುಟ್ಟಿ ಹೊರುವವರು ಯಾರು ಗಿಣಿ?

ಯಂತ್ರಕ್ಕೆ ಮಾನವಿತ್ತು. ತನಗೆ ಗೊತ್ತಿಲ್ಲದ ಹೆಸರು ಎದುರಾದಾಗ ಅದು ನಿಂತಿತು, ಕೂಗಿತು, ಈ ಹೆಂಗಸನ್ನು ನಾನು ಹೇಗೆ ಹೇಳಲಿ ತಿಳಿಯುತ್ತಿಲ್ಲ, ಯಾರಾದರೂ ಹೇಳಿಕೊಡಿ ಎಂದಿತು. ಅಂಥ ಯಂತ್ರದ ಬಾಯಿಗೆ ಬಟ್ಟೆ ತುರುಕಿ, ತಪ್ಪನ್ನು ನುಂಗಿಕೊಂಡು ನಡೆ ಎಂದು ಕಲಿಸಿದವಳು ನೀನು. ನಾವು ಇಷ್ಟು ವರ್ಷ ಬೀದಿಯಲ್ಲಿ ಕೂಗಿದ್ದು ಮನುಷ್ಯರಿಗೆ ಇದನ್ನೇ ಕಲಿಸಬೇಡಿ ಎಂದು.

ಸರಿ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಒಂದು ಸಾಲು ಅಂದೆ ನೀನು. ಆ ಕಡೆ ಯಾರೇ ಇರಲಿ, ಈ ಲಿಪಿಯಲ್ಲೇ ಮಾತಾಡು ಎಂದು ಬಾಯಿಗೆ ಹೇಳುವ ಒಂದು ಸಾಲು. ಕಿವಿಗೊಂದು ಅಂಥದೇ. ಹಾಗಾದರೆ ಈಗಲೇ ಹೋಗಿ ಬರಿ ಎಂದೆ ನಾನು. ನೀನು ಚಹದ ಲೋಟ ಕೆಳಗಿಟ್ಟೆ.

"ಬರೆದರೆ ಇಷ್ಟು ದಿನ ತಪ್ಪಿತ್ತು ಅಂತ ಒಪ್ಪಿಕೊಂಡ ಹಾಗೆ ಅಕ್ಕ. ಗುತ್ತಿಗೆ ಹೋಗುತ್ತೆ. ನಾನೂ ಹೋಗ್ತೀನಿ."

ನಿನ್ನ ಭಯ ನನಗೆ ತಿಳಿಯುವುದಿಲ್ಲವೆಂದುಕೊಳ್ಳಬೇಡ. ಬಾಡಿಗೆ ಕಟ್ಟುವವಳ ಭಯ ಅದು, ನನಗೂ ಇದೆ. ಭಯಕ್ಕೆ ನಾನು ಬೈಯುವುದಿಲ್ಲ. ಆದರೆ ಆ ಒಂದು ಸಾಲು ಬರೆಯುವ ಬದಲು ನಿಮ್ಮ ಕಂಪನಿ ಏನು ಮಾಡಿತು? ಪುರಸಭೆಯ ಸಭಾಂಗಣದಲ್ಲಿ ಒಂದು ಸಭೆ ಕರೆಯಿತು. ಹೆಸರು ಬಿಟ್ಟುಹೋಗಿದೆ ಎನ್ನುವವರು ಖುದ್ದಾಗಿ ಬಂದು ಹೆಸರು ಹೇಳಬೇಕು, ಇಂಗ್ಲಿಷ್ ಅಕ್ಷರದಲ್ಲಿ ಹೊಸದಾಗಿ ಸೇರಿಸಿಕೊಳ್ಳಲಾಗುವುದು, ಸಂಜೆಗೆ ಬಾಗಿಲು ಬಂದ್. ನಮ್ಮ ಅಕ್ಷರವೇ ರೋಗ, ಇಂಗ್ಲಿಷೇ ಔಷಧ. ನಾವು ಲಾಠಿ ತಿಂದು ಒಳಗೆ ಕಳಿಸಿದ್ದನ್ನು ನೀವು ಕ್ಯೂ ನಿಲ್ಲಿಸಿ ಹೊರಗೆ ಹಾಕಿದಿರಿ.

ಸಂಘ ಬಹಿಷ್ಕಾರ ಹಾಕಬೇಕು ಎಂದು ನಾನು ವಾದಿಸಿದೆ. ಹೆಂಗಸರು ಒಪ್ಪಲಿಲ್ಲ. ಲಿಪಿ ಆಮೇಲೆ ನೋಡಿಕೊಳ್ಳೋಣ, ಮೊದಲು ಕಾಯಂ ಆಗಲಿ ತಾಯಿ ಎಂದರು. ಹೊಟ್ಟೆಯ ಮುಂದೆ ಭಾಷಣ ನಿಲ್ಲುವುದಿಲ್ಲ. ನಾನೂ ಅವರ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಕೆಮ್ಮಿನಕ್ಕನಿಗೆ ಏಳಲು ಆಗಲಿಲ್ಲ, ಹಾಸಿಗೆ ಹಿಡಿದಿದ್ದಳು. ಅವಳ ಬದಲು ನಾನು ಹೆಸರು ಹೇಳಲೇ ಎಂದು ಬಾಗಿಲಲ್ಲಿ ಕೇಳಿದರೆ ಬೇರೆಯವರದು ನಡೆಯುವುದಿಲ್ಲ ಎಂದರು.

ವೇದಿಕೆಯ ಕೆಳಗೆ ಮೇಜು. ಮೇಜಿನ ಹಿಂದೆ ನೀನು. ನಿನ್ನ ಪಕ್ಕದಲ್ಲಿ ನಿನ್ನ ಮ್ಯಾನೇಜರು, ಅವನ ಪಕ್ಕದಲ್ಲಿ ದೊಡ್ಡ ಸಾಹೇಬ. ನೀನು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಚೆಂದ ಕಾಣುತ್ತಿದ್ದೆ. ಆ ಸಭಾಂಗಣದಲ್ಲಿದ್ದ ಒಬ್ಬೊಬ್ಬ ಹೆಂಗಸಿಗೂ ನೀನು ಯಾರ ಮಗಳೆಂದು ಗೊತ್ತಿತ್ತು. ಅರ್ಧ ಜನ ನಿನಗೆ ತಲೆ ಬಾಚಿದವರು. ಗೊತ್ತಿಲ್ಲದವರು ಇಬ್ಬರೇ, ನಿನ್ನ ಬಲಕ್ಕೆ ಕೂತವರು. ಯಾರೂ ನಿನ್ನನ್ನು ಗಿಣಿ ಎನ್ನಲಿಲ್ಲ. ಮೇಡಂ ಎಂದರು. ನಿನಗಾಗಿ ಅಲ್ಲ ಅದು, ಅವ್ವನಿಗಾಗಿ.

ಅವ್ವನ ಸರದಿ ಬಂತು. ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಮೇಜಿನ ಮುಂದೆ ನಿಂತಳು. ನೀನು ತಲೆ ಎತ್ತಿದೆ, ನೋಡಿದೆ, ಮತ್ತೆ ತಗ್ಗಿಸಿದೆ.

"ನಿಮ್ಮ ಹೆಸರು ಹೇಳಿ."

ಗಿಣಿ, ಅವ್ವನಿಗೆ ಅವಳ ಹೆಸರು ಬರೆಯಲು ಕಲಿಸಿದವಳು ನೀನು. ಮೂರನೇ ಕ್ಲಾಸಿನಲ್ಲಿದ್ದಾಗ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿ, ಅವಳ ಕೈ ಹಿಡಿದು ತಿದ್ದಿಸಿದ್ದೆ. ಕೊಂಬು ಹಾಕುವುದನ್ನು ಮರೆತಾಗಲೆಲ್ಲ ಬೆನ್ನಿಗೆ ಗುದ್ದುತ್ತಿದ್ದೆ. ಆ ನೆಲ ಒರೆಸುವಾಗ ಅವ್ವ ಆ ಮೂಲೆಯೊಂದನ್ನು ಬಿಟ್ಟು ಒರೆಸುತ್ತಿದ್ದಳು.

ಅವ್ವ ಹೆಸರು ಹೇಳಿದಳು. ಅವಳದಲ್ಲ, ಕೆಮ್ಮಿನಕ್ಕನದು. ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು.

ನಿನ್ನ ಬೆರಳು ಕಂಪ್ಯೂಟರಿನ ಕೀಲಿಮಣೆಯ ಮೇಲೆ ಒಂದು ಗಳಿಗೆ ನಿಂತದ್ದನ್ನು ನಾನು ಕಂಡೆ. ಮ್ಯಾನೇಜರು ಏನು ಎಂಬಂತೆ ನಿನ್ನ ಕಡೆ ತಿರುಗಿದ. ಆಮೇಲೆ ನಿನ್ನ ಬೆರಳು ಓಡಿದವು. ಮುಂದಿನವರು ಬನ್ನಿ ಎಂದೆ. ಸಾಲಿನಲ್ಲಿ ಎರಡನೇ ಸಲ ನಿಲ್ಲುವಂತಿರಲಿಲ್ಲ. ಸಂಜೆಗೆ ಬಾಗಿಲು ಬಂದಾಯಿತು.

ಕೊನೆಯ ಪಟ್ಟಿಯನ್ನು ಕಳೆದ ವಾರ ಗೇಟಿಗೆ ಅಂಟಿಸಿದ್ದಾರೆ. ಒಂದೂ ಪ್ರಶ್ನೆಚಿಹ್ನೆ ಇಲ್ಲ. ಎಲ್ಲ ಇಂಗ್ಲಿಷು, ಅಚ್ಚುಕಟ್ಟು. ನಮ್ಮ ಹೆಂಗಸರು ಮತ್ತೆ ಮೇಸ್ತ್ರಿಯನ್ನು ಕೇಳಿ ತಮ್ಮ ಹೆಸರು ಯಾವುದೆಂದು ತಿಳಿದುಕೊಳ್ಳುತ್ತಿದ್ದಾರೆ. ಕೆಮ್ಮಿನಕ್ಕ ಕಾಯಂ ಆಗಿದ್ದಾಳೆ. ಇನ್ನು ಅವಳ ಆಸ್ಪತ್ರೆಯ ಖರ್ಚು ಪುರಸಭೆಯದು. ಸುದ್ದಿ ಕೇಳಿ ಹಾಸಿಗೆಯಲ್ಲೇ ಅತ್ತಳು, ಅತ್ತರೆ ಕೆಮ್ಮು ಬರುತ್ತದೆ, ಅಳು ನಿಲ್ಲಿಸಿದಳು. ಅವ್ವನ ಹೆಸರು ಇಲ್ಲ. ಮಾರುಕಟ್ಟೆ ಬೀದಿಯ ಪೊರಕೆಯನ್ನು ಆ ಶನಿವಾರವೇ ಮೇಸ್ತ್ರಿಯ ಕೈಗೆ ಕೊಟ್ಟು ಬಂದಳು. ಅದು ಪುರಸಭೆಯ ಸ್ವತ್ತಂತೆ. ಪೊರಕೆಯ ಹಿಡಿಗೆ ಅವಳು ಸುತ್ತಿದ್ದ ಹಳೇ ಬಟ್ಟೆಯನ್ನು ಮಾತ್ರ ಬಿಚ್ಚಿಕೊಂಡು ತಂದಿದ್ದಾಳೆ.

ಸಂಘದಲ್ಲಿ ಅವ್ವನ ಹೆಸರು ಈಗ ಎಲ್ಲರ ಬಾಯಲ್ಲಿದೆ. ಗೆಳತಿಗಾಗಿ ತನ್ನ ಅನ್ನವನ್ನೇ ಬಿಟ್ಟುಕೊಟ್ಟವಳು ಎಂದು ಚಪ್ಪಾಳೆ ಹೊಡೆದರು. ಅದರ ಮೇಲೆ ಕರಪತ್ರ ತರಬೇಕೆಂದು ನಿರ್ಧಾರವಾಗಿ, ಬರೆಯುವ ಕೆಲಸ ನನ್ನ ತಲೆಗೆ ಬಂತು. ಬರೆದೆ. ಚೆನ್ನಾಗಿಯೇ ಬರೆದೆ. ಹೆಣ್ಣುಮಕ್ಕಳ ಒಗ್ಗಟ್ಟು, ತ್ಯಾಗ, ಯಂತ್ರದ ಮುಂದೆ ಮನುಷ್ಯತ್ವ, ಎಲ್ಲ ಇದೆ. ನಿನ್ನ ಸುದ್ದಿ ಎತ್ತಿಲ್ಲ. ಎತ್ತಬೇಡ ಎಂದು ಯಾರೂ ಹೇಳಲಿಲ್ಲ, ನನಗೇ ಕೈ ಬರಲಿಲ್ಲ.

ನಿನ್ನ ಪ್ರೋಗ್ರಾಮಿನ ಮೇಲೆ ನನಗೀಗ ಸಿಟ್ಟಿಲ್ಲ. ಆ ಕಡೆ ಯಾರಿದ್ದಾರೆಂದು ಇಣುಕಿ ನೋಡಿ ಮಾತು ಬದಲಿಸುವುದನ್ನು ಅದು ಎಲ್ಲಿಂದ ಕಲಿತಿತೋ ಏನೋ. ಮನೆಗೆ ಬಂದರೆ ಅವ್ವ, ಪಕ್ಕದಲ್ಲಿ ಮ್ಯಾನೇಜರು ಇದ್ದರೆ ನೀವು. ಅದಕ್ಕಾದರೆ ಒಂದು ಸಾಲು ಬರೆದರೆ ಸಾಕು. ನಿನಗೆ ಎಷ್ಟು ಸಾಲು ಬರೆಯಬೇಕೋ ತಿಳಿಯದೆ ಇಷ್ಟುದ್ದ ಬರೆದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಖಾಲಿ ಹೊಟ್ಟೆಯಲ್ಲಿ ಚಹ ಕುಡಿಯಬೇಡ. ನಿನ್ನ ಕೆಲಸ ಉಳಿಯಲಿ, ನಿನ್ನ ಕಣ್ಣು ಚೆನ್ನಾಗಿರಲಿ, ನಿನ್ನ ತಲೆಯ ಮೇಲೆ ಯಾರ ಕೈಯೂ ಭಾರವಾಗದಿರಲಿ. ಬೈದಷ್ಟೂ ಬಾಳುತ್ತಾರಂತೆ ಮಕ್ಕಳು. ಹಾಗಿದ್ದರೆ ನೀನು ನೂರು ವರ್ಷ ಬಾಳುತ್ತೀಯ.

ನಿನ್ನ
ಅಕ್ಕ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದೊಂದು ಬರೆಯಬೇಕು. ಇಂದು ಬೆಳಿಗ್ಗೆ ಕರಪತ್ರವನ್ನು ಅಚ್ಚಿಗೆ ಕೊಡುವ ಮೊದಲು ಅವ್ವನಿಗೆ ಓದಿ ಹೇಳಿದೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡಳು. ಹರಿದು ಹಾಕು ಅಂದಳು. ಯಾಕೆ ಎಂದೆ. ಇದರಲ್ಲಿ ಬರೆದಿರೋದು ಸುಳ್ಳು, ನಾನು ಯಾರಿಗೂ ಏನೂ ಬಿಟ್ಟುಕೊಡೋಕೆ ಹೋಗಿರಲಿಲ್ಲ, ನನಗೂ ಕಾಯಂ ಬೇಕಿತ್ತು ಅಂದಳು. ಹಾಗಾದರೆ ಅವಳ ಹೆಸರು ಯಾಕೆ ಹೇಳಿದೆ ಎಂದು ಕೇಳಿದೆ. ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಬೇರೆ ಹೆಸರು ಹೇಳಿದರೆ ತಡೀತಾಳೆ ಅಂದುಕೊಂಡೆ ಕಣೆ. ಅದಲ್ಲ ಅವ್ವ ನಿನ್ನ ಹೆಸರು, ಅಂತಾಳೆ ಅಂದುಕೊಂಡೆ."